ಮೈಕಿನಲ್ಲಿ ಕೂಗಿದ ಹೆಸರು

ಪುಟ್ಟೀ, ಚಿನ್ನೂ, ನಿಮ್ಮ ಅಜ್ಜಿ ಬರೆಯುತ್ತಿದ್ದೇನೆ. ಎದುರು ಕೂತು ಹೇಳುವ ಧೈರ್ಯ ನನಗಿಲ್ಲ. ನಾಲ್ಕು ಜನರ ಮುಂದೆ ಬಾಯಿ ತೆರೆಯಬೇಕೆಂದರೆ ಈ ವಯಸ್ಸಿನಲ್ಲೂ ನಾಲಿಗೆ ಒಣಗುತ್ತದೆ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು, ಅಕ್ಷರ ದುಂಡಗೆ ಬರುತ್ತದೆ. ಅದಕ್ಕೇ ಬರೆಯುತ್ತೇನೆ.

ಹೋದ ತಿಂಗಳು ಬಿಳಿಕೆರೆಯಲ್ಲಿ ಬಸ್ಸಿಗೆ ಕಾಯುವಾಗ, ಪುಟ್ಟಿ, ನೀನು ನನ್ನ ಕೈಯನ್ನು ಉಗುರು ಒತ್ತುವ ಹಾಗೆ ಹಿಡಿದುಕೊಂಡಿದ್ದೆ. “ಕೈ ಬುಡವ್ವ, ಸೀಬೆಹಣ್ಣು ತಕ್ಕತೀನಿ” ಅಂದೆ ನಾನು. “ಬುಡಲ್ಲ. ಅವತ್ತು ನಾನು ಕೈ ಬುಟ್ಟಿದ್ಕೇ ಅಲ್ವಾ ಅಜ್ಜಿ, ತಾತ ಸತ್ತೋಗಿದ್ದು?” ಎಂದು ನೀನು ಕೇಳಿದೆ. ಅಷ್ಟರಲ್ಲಿ ಬಸ್ಸು ಬಂತು. ಹತ್ತಿ ಕೂತೆವು. ಎರಡು ವರ್ಷದಿಂದ ನೀನು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಶಾಲೆಗೆ ಹೋಗಿಬರುತ್ತಿದ್ದೀಯ ಎಂದು ನನಗೆ ಗೊತ್ತೇ ಇರಲಿಲ್ಲ.

ಆ ವರ್ಷ ಹೊಗೆಸೊಪ್ಪು ಬೇಯಿಸುವ ಕೆಲಸ ಮುಗಿದು, ಸೊಪ್ಪೆಲ್ಲ ಮಾರಿ ಆದ ಮೇಲೆ ನಿಮ್ಮಪ್ಪ ನಮ್ಮನ್ನೆಲ್ಲ ಮೈಸೂರಿನಾಚೆಯ ಆ ಆಟದ ಪಾರ್ಕಿಗೆ ಕರೆದುಕೊಂಡು ಹೋದ. ಒಳಗೇ ರೂಮು, ಒಳಗೇ ಊಟ, ಎತ್ತ ನೋಡಿದರೂ ನೀರು. ನಿನಗೆ ಏಳು ವರ್ಷ, ಚಿನ್ನುವಿಗೆ ಮೂರು. ಬಾಗಿಲಲ್ಲೇ ಎಲ್ಲರ ಕೈಗೂ ಹಳದಿ ಪಟ್ಟಿ ಕಟ್ಟಿದರು. ನಿಮ್ಮ ತಾತ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಸಂತೇಲಿ ಎಮ್ಮೆಗೆ ಗುರ್ತು ಆಕ್ದಂಗೆ ಆಕ್ಬುಟ್ರಲ್ಲ” ಎಂದರು.

ಪಾರ್ಕಿನ ನಕ್ಷೆಯ ಕಾಗದ ಅವರ ಕೈಯಲ್ಲೇ ಇತ್ತು. ಸರ್ವೆಯವರು ಜಮೀನು ಅಳೆಯಲು ಬಂದಾಗ ನಿಲ್ಲುವ ಹಾಗೆ ಕಾಲು ಅಗಲಿಸಿ ನಿಂತು, “ನಾವಿರೋದು ಇಲ್ಲಿ, ಚಿಕ್ಕಮಕ್ಕಳ ಕೊಳ ಮೂಡಲಿಗೆ” ಎಂದು ಹೊರಡುತ್ತಿದ್ದರು. ಹೋಗಿ ನೋಡಿದರೆ ಅದು ಹೆಂಗಸರು ಬಟ್ಟೆ ಬದಲಾಯಿಸುವ ಕೋಣೆ. ಚಿನ್ನುವಿಗಾಗಿ ತೆಗೆದುಕೊಂಡ ತಳ್ಳುಗಾಡಿಯ ಚಕ್ರ ಕಲ್ಲುಹಾಸಿನ ಸಂದಿಗೆ ಸಿಕ್ಕಿಕೊಳ್ಳುತ್ತಿತ್ತು. ಚಿನ್ನು ಅದರಲ್ಲಿ ಕೂರಲೂ ಇಲ್ಲ. ಚಿನ್ನು ತಾತನ ಹೆಗಲ ಮೇಲೆ, ನಮ್ಮ ಚೀಲಗಳು ಗಾಡಿಯಲ್ಲಿ. ದೊಡ್ಡ ಜಾರುಬಂಡೆಯ ಹತ್ತಿರ ಅಳತೆಯ ಕೋಲಿಗೆ ನೀನು ಒಂದು ಬೆರಳು ಕಮ್ಮಿಯಾದೆ. “ಜಡೆ ಮೇಲಕ್ಕೆತ್ತಿ ಅಳೀರಿ ಸ್ವಾಮಿ, ನಮ್ಮ ಮನೆತನದಲ್ಲಿ ಎಲ್ರಿಗೂ ಉದ್ದ ಇರೋದು ಜಡೆನೇ” ಎಂದು ತಾತ ಜಗಳಕ್ಕೆ ನಿಂತರು. ಕಾವಲಿನವನೂ ನಕ್ಕುಬಿಟ್ಟ. ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ಆಚೆ ತಿರುಗಿದೆ. ಮೂವತ್ತೊಂಬತ್ತು ವರ್ಷ ಅವರ ಜೊತೆ ಬಾಳಿದ್ದೆ. ಅವರು ಜನರ ನಡುವೆ ನಗಿಸಿದರೆ ನನಗೆ ಆಗಲೂ ಹೊಸ ಮದುವಣಗಿತ್ತಿಯ ನಾಚಿಕೆ.

ತಾತನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಸೂಜಿ ಚುಚ್ಚಿಕೊಂಡರೆ ಹೊತ್ತಿಗೆ ಸರಿಯಾಗಿ ತಿನ್ನಬೇಕು. ತಪ್ಪಿದರೆ ಬೆವರಿ, ಮಂಕಾಗಿ, ಕುಸಿದುಬಿಡುತ್ತಿದ್ದರು. ಬಿಸ್ಕತ್ತು, ಬೆಲ್ಲ ನನ್ನ ಚೀಲದಲ್ಲಿದ್ದವು. ನೀರಿನಲ್ಲಿ ಹಾಳಾಗುತ್ತದೆಂದು ಎಲ್ಲರ ಮೊಬೈಲನ್ನೂ ಲಾಕರಿನಲ್ಲಿ ಇಟ್ಟಿದ್ದೆವು. ಊಟದ ಕಡೆ ಸಾಲು ದೊಡ್ಡದಿತ್ತು. “ಅಲ್ಲೀಗಂಟ ಇನ್ನೊಂದ್ ಸಲ ರೈಲು ತಾತ” ಎಂದೆ ನೀನು. ಪಾರ್ಕನ್ನು ಸುತ್ತುವ ಪುಟಾಣಿ ರೈಲು ಅದು. ನಿನ್ನ ಕೈ ಹಿಡಿದುಕೊಂಡು ಅವರು ಹೋದರು.

ನಾವೆಲ್ಲ ಕೂತಿದ್ದ ಅಲೆ ಬರುವ ಕೊಳದ ಹತ್ತಿರ ರೈಲು ನಿಂತಾಗ, ಅಮ್ಮನನ್ನು ಕಂಡು ನೀನು ಇಳಿದು ಓಡಿ ಬಂದೆ. ರೈಲು ತಾತನನ್ನು ಕೂರಿಸಿಕೊಂಡು ಮುಂದಕ್ಕೆ ಹೋಯಿತು. “ತಾತ ರೈಲಲ್ಲೇ ಓಗ್ಬುಟ್ರು!” ಎಂದು ನೀನು ನಕ್ಕೆ. ನಾವೂ ನಕ್ಕೆವು. “ಒಂದು ಸುತ್ತು ಆಕ್ಕಂಡು ಇಲ್ಗೇ ಬತ್ತರೆ ಬುಡು” ಎಂದ ನಿಮ್ಮಪ್ಪ. ರೈಲು ಬಂತು. ತಾತ ಅದರಲ್ಲಿ ಇರಲಿಲ್ಲ. ನಿನ್ನನ್ನು ಹುಡುಕಿಕೊಂಡು ಬರಲು ಮುಂದಿನ ನಿಲ್ದಾಣದಲ್ಲೇ ಇಳಿದಿದ್ದರು.

ಕೈ ಬಿಟ್ಟಿದ್ದು ಅಂದರೆ ಇಷ್ಟೇ, ಪುಟ್ಟಿ. ಅಮ್ಮನನ್ನು ಕಂಡ ಮಗು ಓಡಿ ಬರುತ್ತದೆ. ಮುಂದಿನದು ನಿನ್ನದಲ್ಲ, ನನ್ನದು.

ನಿಮ್ಮಪ್ಪ ರೈಲಿನ ದಾರಿ ಹಿಡಿದು ಹುಡುಕಲು ಹೊರಟ. ನಿಮ್ಮಿಬ್ಬರನ್ನೂ ಅಮ್ಮನ ಹತ್ತಿರ ಬಿಟ್ಟ. “ಅವ್ವ, ನೀನು ಗೇಟ್ ತಾವ ಓಗಿ ಮೈಕಲ್ಲಿ ಕೂಗ್ಸು. ಎಸ್ರು ಏಳಿದ್ರೆ ಸಾಕು, ಅವ್ರೇ ಕೂಗ್ತರೆ” ಎಂದ.

ಎಸ್ರು ಏಳಿದ್ರೆ ಸಾಕು.

ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ನನ್ನ ಅವ್ವ ಕಲಿಸಿದ್ದಳು. ಅವರ ಹೆಸರು ಬೆಟ್ಟದ ಮೇಲಿನ ದೇವರದು. ಆ ಕಾರಣಕ್ಕೆ ನಾನು ಆ ದೇವರನ್ನೂ ಹೆಸರು ಹಿಡಿದು ಕರೆದವಳಲ್ಲ, ‘ಬೆಟ್ಟದಪ್ಪ’ ಎಂದೇ ಕೈ ಮುಗಿಯುತ್ತಿದ್ದೆ. ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಯಾರಾದರೂ ಕೇಳಿದರೆ ಪಕ್ಕದವರು ನನ್ನ ಪರವಾಗಿ ಹೇಳಿಬಿಡುತ್ತಿದ್ದರು. ಆ ಗೇಟಿನಲ್ಲಿ ನನ್ನ ಪಕ್ಕದಲ್ಲಿ ನಮ್ಮೂರಿನವರು ಯಾರೂ ಇರಲಿಲ್ಲ.

“ಯಾರು ಕಾಣ್ತಾ ಇಲ್ಲಮ್ಮ?” ಎಂದು ಮೈಕಿನ ಹುಡುಗಿ ಕೇಳಿದಳು.

“ನಮ್ಮ ಯಜಮಾನ್ರು.”

“ಹೆಸರು?”

ನನ್ನ ಹಿಂದೆ ಜನ ನಿಂತಿದ್ದರು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ ಅನ್ನಿಸಿತು. “ಬೆಟ್ಟದಪ್ಪನ ಎಸ್ರೇ ಕಣವ್ವ” ಎಂದೆ.

ನಮ್ಮ ಕಡೆಯ ಯಾರಿಗೆ ಹಾಗೆಂದಿದ್ದರೂ ತಿಳಿಯುತ್ತಿತ್ತು. ಅವಳು ಬೇರೆ ಸೀಮೆಯವಳು. ಮೈಕಿನಲ್ಲಿ, “ಬೆಟ್ಟಪ್ಪ ಅವರೇ, ಬೆಟ್ಟಪ್ಪ ಅವರೇ, ನಿಮ್ಮ ಮನೆಯವರು ಗೇಟಿನ ಹತ್ತಿರ ಕಾಯುತ್ತಿದ್ದಾರೆ” ಎಂದು ಕೂಗಿದಳು. ತಪ್ಪು ಎಂದು ನನಗೆ ಗೊತ್ತಾಯಿತು. ಅಲ್ಲವ್ವ ಎನ್ನಬೇಕು ಅಂದುಕೊಂಡೆ. ನಾನು ದೇವರನ್ನು ಏನೆಂದು ಕರೆಯುತ್ತೇನೆಂದು ತಾತನಿಗೆ ಗೊತ್ತು, ಅರ್ಥ ಮಾಡಿಕೊಂಡು ಬರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಮೂರು ಸಲ ಅದೇ ಹೆಸರು ಕೂಗಿದಳು. ಅವಳ ಮುಂದೆ ಕಾಗದವಿತ್ತು, ದಾರ ಕಟ್ಟಿದ ಪೆನ್ನಿತ್ತು. ಬಾಯಲ್ಲಿ ಹೇಳಬಾರದು ಎಂದಿದ್ದಳು ಅವ್ವ, ಬರೆಯಬಾರದು ಎಂದಿರಲಿಲ್ಲ. ಆ ಹೊತ್ತಿನಲ್ಲಿ ನನಗದು ಹೊಳೆಯಲೇ ಇಲ್ಲ.

ನಿಮ್ಮಪ್ಪ ಹುಡುಕಿ ಸೋತು ಗೇಟಿಗೆ ಬಂದವನು ಮೈಕು ಕೇಳಿ, “ಯಾವ್ ಬೆಟ್ಟಪ್ಪ? ನಮ್ಮಪ್ಪನ ಎಸ್ರು ಅದಲ್ಲ ಕಣಮ್ಮ! ನೆಟ್ಟಗೆ ಕೇಳುಸ್ಕೊಳಕ್ಕಾಗಲ್ವ?” ಎಂದು ಆ ಹುಡುಗಿಯ ಮೇಲೆ ರೇಗಿದ. ಅವಳು ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. ನಿಮ್ಮಪ್ಪ ಸರಿಯಾದ ಹೆಸರು ಕೂಗಿಸಿದ. ತಾತ ಬರಲಿಲ್ಲ.

ಕಸ ಗುಡಿಸುವ ಹೆಂಗಸೊಬ್ಬಳು ಓಡಿ ಬಂದಳು. ಸಿಮೆಂಟಿನ ದೊಡ್ಡ ಅಣಬೆಯ ನೆರಳಲ್ಲಿ ಯಾರೋ ಯಜಮಾನರು ಒರಗಿದ್ದಾರೆ, ಎಬ್ಬಿಸಿದರೆ ಏಳುತ್ತಿಲ್ಲ ಎಂದಳು. ಬೆಲ್ಲ ಕೈಯಲ್ಲಿ ಹಿಡಿದುಕೊಂಡೇ ಓಡಿದೆ. ತುಟಿಗೆ ಇಟ್ಟೆ, ಒಳಗೆ ಹೋಗಲಿಲ್ಲ. ಆಂಬುಲೆನ್ಸ್ ಬರುವವರೆಗೂ ಆ ಹೆಂಗಸು ನನ್ನ ಬೆನ್ನು ಸವರುತ್ತ ಹೇಳಿದಳು: “ಮೊದ್ಲು ಕೂಗ್ದಾಗ ಎಚ್ಚರ್ವಾಗೇ ಇದ್ರು ಕಣಕ್ಕ. ತಲೆ ಎತ್ತಿ ಕೇಳುಸ್ಕೊಂಡ್ರು. ‘ಯಾರೋ ಬೆಟ್ಟಪ್ಪ ಅಂತೆ, ಪಾಪ, ಕಳೆದೋಗವ್ನೆ’ ಅಂದ್ರು.”

ಮಾರನೆಯ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಹೋದರು. ಸಕ್ಕರೆ ಇಳಿದಿತ್ತು, ಎದೆಯೂ ಸೋತಿತ್ತು ಎಂದರು ಡಾಕ್ಟರು. ಬೇಗ ಸಿಕ್ಕಿದ್ದರೆ ಉಳಿಯುತ್ತಿದ್ದರೇ ಎಂದು ನಿಮ್ಮಪ್ಪ ಕೇಳಿದ. “ಹೇಳೋಕಾಗಲ್ಲ” ಎಂದರು. ಆ ಮಾತನ್ನು ಹಿಡಿದುಕೊಂಡು ಎರಡು ವರ್ಷ ಕಳೆದಿದ್ದೇನೆ. ಒಂದು ದಿನ ಅದು ನನ್ನನ್ನು ಬದುಕಿಸುತ್ತದೆ, ಇನ್ನೊಂದು ದಿನ ಕೊಲ್ಲುತ್ತದೆ. ಆಯಸ್ಸು ಉಳಿಯಲೆಂದು ಹೇಳದೆ ಇದ್ದ ಹೆಸರು ಅದು. ಅವರು ಪಾಪ ಎಂದದ್ದು ತಮಗೇ ಎಂದು ಅವರಿಗೆ ತಿಳಿಯಲಿಲ್ಲ.

ಆ ಹುಡುಗಿ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಎಂದೇ ನಿಮ್ಮಪ್ಪ ಇಂದಿಗೂ ತಿಳಿದಿದ್ದಾನೆ. ತಿಥಿಗೆ ಬಂದವರಿಗೂ ಹಾಗೇ ಹೇಳಿದ. ನಾನು ಒಳಮನೆಯಲ್ಲಿ ಕೇಳಿಸಿಕೊಂಡು ಅಕ್ಕಿ ಆರಿಸುತ್ತಲೇ ಇದ್ದೆ. ಅವಳ ಮೇಲಿನ ತಪ್ಪನ್ನೇ ತೆಗೆಯಲಾರದವಳಿಗೆ ಪುಟ್ಟಿ, ನಿನ್ನ ಮೇಲೂ ಒಂದು ತಪ್ಪು ಕೂತಿರುವುದು ಹೇಗೆ ಕಾಣಬೇಕು?

ಈ ಹಾಳೆಯಲ್ಲಿ ಅವರ ಹೆಸರು ಬರೆಯಲು ಹೋಗಿ ಪೆನ್ನು ನಿಲ್ಲಿಸಿದೆ. ಅಂದು ಬರೆಯದ್ದನ್ನು ಇಂದು ಬರೆದು ಯಾರನ್ನು ಕರೆಯಲಿ? ನೀವು ಹೇಳಿ, ಮಕ್ಕಳೇ. ಶಾಲೆಯಲ್ಲಿ, ಊರಲ್ಲಿ ಯಾರು ಕೇಳಿದರೂ ತಾತನ ಹೆಸರನ್ನು ಗಟ್ಟಿಯಾಗಿ ಹೇಳಿ.

ಓದಿ ಆದ ಮೇಲೆ ಇದನ್ನು ನಿಮ್ಮಪ್ಪನಿಗೆ ತೋರಿಸಿ. ನನ್ನ ಕೈಯಿಂದ ಅವನಿಗೆ ಕೊಡಲು ಆಗಲಿಲ್ಲ. ಆಮೇಲೆ ಪುಟ್ಟಿ, ನೀನೇ ಇಟ್ಟುಕೋ. ನೀನು ದೊಡ್ಡವಳಾದ ಮೇಲೂ ಕೈ ಬಿಟ್ಟೆ ಎಂಬ ಯೋಚನೆ ಒಮ್ಮೊಮ್ಮೆ ಬರುತ್ತದೆ, ನನಗೆ ಗೊತ್ತು. ಆಗ ನಾನು ಇರುವುದಿಲ್ಲ. ಚಿನ್ನುವಿಗೆ ಹರಿಯಲು ಬಿಡಬೇಡ, ಒಲೆಗೆ ಹಾಕಲು ಯಾರಿಗೂ ಬಿಡಬೇಡ. ಈ ಹಾಳೆಗಳನ್ನು ಜೋಪಾನ ಮಾಡವ್ವ.