ವಾರ ಮಮ್ಮಿಗೆ, ಹಬ್ಬ ಪಪ್ಪಾಗೆ

ಕಳೆದ ಎಳ್ಳ ಅಮಾವಾಸ್ಯೆಯ ದಿನ ನಾನು ಕೊರಿಯರ್ ಕೆಲಸ ಮಾಡಿದೆ. ಬೈಲಹೊಂಗಲದಿಂದ ಸವದತ್ತಿ, ಅಲ್ಲಿಂದ ಮನೋಳಿ. ಸಂಜೆ ವಾಪಸ್. ಪಾರ್ಸೆಲ್ಲಿನ ಹೆಸರು ಸೃಷ್ಟಿ, ವಯಸ್ಸು ಒಂಬತ್ತು. (ಕಿಟಕಿ ಪಕ್ಕದ ಸೀಟೇ ಬೇಕೆಂದು ಹಟ ಹಿಡಿಯುವ ಪಾರ್ಸೆಲ್!)

ಸೃಷ್ಟಿಯ ಅಮ್ಮ ಸವಿತಾ ನಮ್ಮ ಪಕ್ಕದ ಮನೆಯವಳು. ಬ್ಲೌಸ್ ಹೊಲಿಯುತ್ತಾಳೆ. ಅಪ್ಪ ಮಹಾಂತೇಶ ಮನೋಳಿಯಲ್ಲಿ ಹೊಲ ಮಾಡಿಕೊಂಡಿದ್ದಾನೆ. ಹೋದ ವರ್ಷ ಇಬ್ಬರಿಗೂ ಡಿವೋರ್ಸ್ ಆಯಿತು. ಹೊಡೆತವಿಲ್ಲ, ಕುಡಿತವಿಲ್ಲ. ಮಾತಿಗೆ ಮಾತು ಬೆಳೆದು, ಕೊನೆಗೆ ಮಾತೇ ನಿಂತುಹೋಯಿತು. ಈಗ ಅವಳಿಗೆ ಮನೋಳಿಯ ದಾರಿ ಬೇಡ, ಅವನಿಗೆ ನಮ್ಮ ಓಣಿ ಬೇಡ. ಹಾಗಾಗಿ ನಾನು.

ಕೋರ್ಟಿಗೆ ಹೋಗುವ ಮೊದಲು ಎರಡೂ ಕಡೆಯ ಹಿರಿಯರು ಕೂತಿದ್ದರಂತೆ. ಬಂಗಾರ, ಬಾಂಡೆ ಸಾಮಾನು, ತಿಜೋರಿಯ ಚರ್ಚೆ ಮಧ್ಯಾಹ್ನದವರೆಗೆ ನಡೆಯಿತು. ಕೂಸಿನ ವಿಷಯ ಚಹಾ ಬರುವುದರೊಳಗೆ ಮುಗಿಯಿತು.

"ಹುಡುಗಿ ಸಾಲಿ ಕಲಿಯೂದು ತಾಯಿ ಹಂತ್ಯಾಕ ಇರ್ಲಿ. ಹಬ್ಬಕ್ಕ ತಂದಿ ಮನಿಗಿ ಬರ್ಲಿ. ಹೊಲಾ, ಮನಿದೇವ್ರು ಎಲ್ಲಾ ಇಲ್ಲೇ ಅದಾವಲ್ರಿ" ಅಂದರಂತೆ ಗಂಡನ ಕಡೆಯ ಒಬ್ಬ ಹಿರಿಯರು. ಉಳಿದವರೆಲ್ಲ ತಲೆಯಾಡಿಸಿದರು. ಹಬ್ಬ ಎಂದರೆ ಹೊಲ, ಹೊಲ ಎಂದರೆ ಗಂಡನ ಮನೆ. ನಮ್ಮ ಕಡೆ ಇದರಲ್ಲಿ ತಕರಾರು ತೆಗೆಯುವಂಥದ್ದೇನಿದೆ?

ಇದೆ. ಹೋಮ್‌ವರ್ಕ್, ಜ್ವರ, ಬೈದು ಎಬ್ಬಿಸುವುದು ಎಲ್ಲ ತಾಯಿಯ ಪಾಲಿಗೆ ಬಂತು. ಉಂಡಿ, ಜೋಕಾಲಿ, ಹೊಸ ಬಳೆ ತಂದೆಯ ಪಾಲಿಗೆ ಹೋಯಿತು. ನಾಗರ ಪಂಚಮಿಯ ದಿನವೂ ಸವಿತಾ ಬರೀ ಅನ್ನ-ಸಾರು ಮಾಡಿಕೊಂಡಳು. ಯಾರಿಗೆ ಅಂತ ಉಂಡಿ ಕಟ್ಟುತ್ತಾಳೆ?

ಎಳ್ಳ ಅಮಾವಾಸ್ಯೆಗೆ ಮನೋಳಿಯ ಹೊಲದಲ್ಲಿ ಮಾತ್ರ ಸಡಗರ. ಚರಗ ಚೆಲ್ಲುವಾಗ, ಅಂದರೆ ಭೂತಾಯಿಗೆ ಎಡೆ ಕೊಡುವಾಗ, ಮುಂದಿನವರು ಕಡುಬು, ಪಲ್ಯ, ರೊಟ್ಟಿ ಎರಚುತ್ತ "ಹುಲ್ಲುಲ್ಲಿಗೋ" ಎಂದು ಕೂಗಬೇಕು. ಹಿಂದಿನವರು ನೀರು ಚಿಮುಕಿಸುತ್ತ "ಚಳ್ಳಂಬರಿಗೋ" ಎಂದು ಓಗೊಡಬೇಕು. ಆ ಮನೆಯಲ್ಲಿ ಹಿಂದೆ ನಡೆಯುತ್ತಿದ್ದವಳು ಸವಿತಾ. ಈ ಸಲ ನೀರಿನ ತಂಬಿಗೆ ಸೃಷ್ಟಿಯ ಕೈಗೆ ಬಂತು. ಏನು ದನಿ ಅಂತೀರಿ! ಪಕ್ಕದ ಹೊಲದವರು ಉಣ್ಣುವುದು ಬಿಟ್ಟು ನೋಡಿದರು.

ಮಹಾಂತೇಶ ನಗುತ್ತಿದ್ದ. ಆಮೇಲೆ ನನ್ನ ಹತ್ತಿರ ಬಂದು, ಜೋಳದ ಕಡೆ ನೋಡುತ್ತ ಕೇಳಿದ: "ಅಕ್ಕಾರ, ಹಬ್ಬದ ದಿನಾ ಆಕಿ ಒಬ್ಬಾಕೀನ ಏನ್ ಮಾಡ್ತಾಳ್ರಿ?"

ನನಗೆ ಸಿಟ್ಟೇ ಬಂತು. ಇದನ್ನು ಹಿರಿಯರು ಕೂತಿದ್ದಾಗ ಕೇಳಲು ಏನಾಗಿತ್ತು, ತಮ್ಮಾ? ಆದರೆ ಅವನ ಮುಖ ನೋಡಿ ಸಿಟ್ಟು ಇಳಿಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಸೃಷ್ಟಿ ಹೊಸ ಬಳೆಗಳನ್ನು ತೆಗೆದು ಬ್ಯಾಗಿನ ತಳಕ್ಕೆ ಹಾಕಿದಳು.

"ಯಾಕವಾ, ಬಿಗಿ ಆದುವೇನು?"

"ಇಲ್ರಿ ಕಾಕು. ಮಮ್ಮಿ ಕೇಳಿದ್ರ ಹಬ್ಬ ಛಲೋ ಆಗ್ಲಿಲ್ಲ ಅಂತ ಹೇಳ್ರಿ. ಛಲೋ ಆತು ಅಂದ್ರ ಆಕಿ ಬಚ್ಚಲಮನ್ಯಾಗ ಹೋಗಿ ಅಳತಾಳ."

"ಮತ್ತ ಪಪ್ಪಾ ಕೇಳಿದ್ರ?"

"ಮಮ್ಮಿ ಆರಾಮ್ ಅದಾಳ ಅಂತೇನಿ. ಇಲ್ಲಂದ್ರ ಪಪ್ಪಾ ಊಟಾ ಬಿಡ್ತಾನ್ರಿ."

ಬ್ಯಾಗಿನ ಜಿಪ್ಪನ್ನು ನಾನೇ ಎಳೆದು ಮುಚ್ಚಿದೆ.

ಏನೇ ಆದರೂ ಕೂಡಿಯೇ ಬಾಳಿ ಅಂತ ನಾನು ಹೇಳಲಾರೆ. ಹೊಡೆಸಿಕೊಂಡು ಬಾಳು ಅಂತಂತೂ ಯಾವ ಹೆಣ್ಣಿಗೂ ಹೇಳಲಾರೆ. ಆದರೆ ಬಿಡುವುದೇ ಖರೆಯಾದರೆ, ಯಾವ ಹಬ್ಬ ಯಾರ ಮನೆಯಲ್ಲಿ, ಅಲ್ಲಿ ನಕ್ಕಿದ್ದನ್ನು ಮಗು ಇಲ್ಲಿ ಬಂದು ಹೇಳಬಹುದೇ, ಕೇಳಿ ನಾವು ತಡೆದುಕೊಂಡೇವೇ ಎಂದು ಗಂಡ ಹೆಂಡತಿ ಒಮ್ಮೆಯಾದರೂ ಎದುರುಬದುರು ಕೂತು ಮಾತಾಡಬೇಡವೇ? ಹಿರಿಯರಿಗೆ ಬಿಟ್ಟರೆ ಅವರು ಹೊಲ ನೋಡುತ್ತಾರೆ, ದೇವರನ್ನು ನೋಡುತ್ತಾರೆ. ಕೂಸಿನ ಮುಖ ನೋಡಬೇಕಾದವರು ಹೆತ್ತವರಲ್ಲವೇ?

ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಸವಿತಾ ಕಾಯುತ್ತಿದ್ದಳು.

"ಹೆಂಗಾತವಾ ಹಬ್ಬ?"

"ಏನಿಲ್ಲ ಮಮ್ಮಿ. ಬರೇ ಬಿಸಲು. ಬ್ಯಾಸರಾತು."

ಸವಿತಾಳ ಮುಖ ಅರಳಿತು. ಮಗಳನ್ನು ಬಾಚಿ ತಬ್ಬಿಕೊಂಡಳು. ಸೃಷ್ಟಿ ಅಮ್ಮನ ಹೆಗಲ ಮೇಲಿಂದ ನನ್ನನ್ನೇ ನೋಡುತ್ತಿದ್ದಳು, ನಾನೆಲ್ಲಿ ಬಾಯಿ ಬಿಡುತ್ತೇನೋ ಎಂದು.

ಡಿವೋರ್ಸ್ ತಗೊಂಡವರು ದೊಡ್ಡವರು, ಸರಿ. ಅವರಿಬ್ಬರನ್ನೂ ಸಂಭಾಳಿಸುವ ಕೆಲಸವನ್ನು ಈ ಕೂಸಿಗೆ ಹಚ್ಚಿದವರು ಯಾರು?