ಸೀವಾಕ್‌ನಲ್ಲಿ ನನ್ನನ್ನು ತೋರಿಸಿದ ದೊಡ್ಡಮ್ಮ

ಅವರ ನೆತ್ತಿಯ ನಡುವೆ ಅಂಗೈಯಗಲ ಕೂದಲೇ ಇರಲಿಲ್ಲ. ವರ್ಷಗಟ್ಟಲೆ ಮೀನಿನ ಬುಟ್ಟಿ ಹೊತ್ತು ಸವೆದ ಜಾಗವದು. ಬೇರೆಯವರಾಗಿದ್ದರೆ ಸೆರಗು ಹೊದ್ದು ಮುಚ್ಚುತ್ತಿದ್ದರು. ಇವರು ಗಂಡ ತೀರಿದ ಮೇಲೂ ಸುತ್ತಲೂ ಅಬ್ಬಲಿಗೆ ಹೂ ಮುಡಿದು ಅದು ಇನ್ನಷ್ಟು ಎದ್ದು ಕಾಣುವಂತೆ ಮಾಡುತ್ತಿದ್ದರು.

ಕೋಟೇಶ್ವರದಲ್ಲಿ ನಮ್ಮ ಪಕ್ಕದ ಮನೆಯವರು. ರಕ್ತಸಂಬಂಧ ಏನೂ ಇಲ್ಲ, ಆದರೂ ನನಗೆ ದೊಡ್ಡಮ್ಮ. ಮೀನು ಮಾರುವುದರಲ್ಲಿ ಅವರದೇ ಒಂದು ಪದ್ಧತಿಯಿತ್ತು. ಬುಟ್ಟಿ ಇಳಿಸಿದ ಕೂಡಲೇ ಕೆಟ್ಟದ್ದನ್ನೇ ಮೊದಲು ಎತ್ತಿ ತೋರಿಸುವುದು. "ಹ್ವಾಯ್, ಈ ಎರಡ್ ಬಂಗುಡೆ ಮೆತ್ತಗಾಯ್ತ್ ಕಾಣಿ. ಉಳ್ದದ್ದೆಲ್ಲ ಅಡ್ಡಿಲ್ಲೆ." ಆಮೇಲೆ ಯಾರೂ ಮೀನು ತಾಜಾ ಇದೆಯೇ ಎಂದು ಕಿವಿರು ಬಿಡಿಸಿ ನೋಡುತ್ತಿರಲಿಲ್ಲ.

ನನಗೆ ಬಂದ ಎರಡು ಸಂಬಂಧಗಳು "ಹುಡುಗಿಗೆ ಬಾಯಿ ಜಾಸ್ತಿ" ಎಂದು ತಪ್ಪಿಹೋಗಿದ್ದವು. ಅಮ್ಮನಿಗೆ ನಿದ್ದೆಯಿಲ್ಲ. ಅಷ್ಟರಲ್ಲಿ ತೆಕ್ಕಟ್ಟೆಯ ಕಡೆಯಿಂದ ಒಂದು ಸಂಬಂಧ ಬಂತು. ಮನೆಗೆ ಬರುವುದು ಬೇಡ, ಕಡಲಿನೊಳಕ್ಕೆ ಚಾಚಿದ ಕೋಡಿಯ ಸೀವಾಕ್‌ನಲ್ಲಿ ಸುಮ್ಮನೆ ಗಾಳಿ ತಿನ್ನಲು ಬಂದ ಹಾಗೆ ಸಿಗೋಣ, ಆಗದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದರು. ಯಾರಿಗೂ ಗೊತ್ತಾಗದ ಜಾಗವಂತೆ! ಭಾನುವಾರ ಸಂಜೆ ಅರ್ಧ ತಾಲೂಕೇ ಅಲ್ಲಿರುತ್ತದೆ.

ಅಪ್ಪ ಇಲ್ಲದ ಮನೆ, ಹಿರಿಯರು ಅಂತ ಒಬ್ಬರು ಬೇಕಲ್ಲ ಎಂದು ಅಮ್ಮ ದೊಡ್ಡಮ್ಮನನ್ನು ಕರೆದಳು. "ನೀವ್ ಬರೀ ಕೂಕಣಿ ಸಾಕ್, ಮಾತ್ ಬ್ಯಾಡ" ಎಂದು ಆಟೋದಲ್ಲೇ ತಾಕೀತು ಮಾಡಿದಳು. ದೊಡ್ಡಮ್ಮ ತಲೆಯಾಡಿಸಿದರು. ಸೀವಾಕ್ ತಲುಪಿದ ಮೇಲೆ ಕಡಲಿಗೆ ಬೆನ್ನು ಹಾಕಿ ಬೆಂಚಿನ ಮೇಲೆ ಕೂತರು.

"ಕಡ್ಲ್ ಎಂತ ಕಾಂಬುದ್? ದಿನಾ ಕಂಡದ್ದೇ. ಜನ ಕಾಂಬ."

ಹುಡುಗ, ಹುಡುಗನ ಅಮ್ಮ ಬಂದರು. ಚುರುಮುರಿ ಬಂತು. ಹುಡುಗನ ಅಮ್ಮ ನಯವಾಗಿ, "ಹೆಣ್ಣ್ ಹ್ಯಾಂಗೆ?" ಎಂದು ಕೇಳಿದರು. ನನ್ನಮ್ಮ ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಬುಟ್ಟಿ ಇಳಿಸಿಯೇ ಬಿಟ್ಟರು.

"ಮೊದ್ಲ್ ಬೇಡದ್ದ್ ಹೇಳಿ ಬಿಡ್ತೆ ಕಾಣಿ. ಕೋಪ ಮೂಗಿನ್ ತುದೀಲೇ ಇತ್ತ್. ಬೆಳಿಗ್ಗೆ ಎಬ್ಬ್ಸುಕೆ ಒಂದ್ ಚೊಂಬ್ ನೀರ್ ಬೇಕ್. ಇದ್ ಹೊಯ್ದ ದೋಸೆ ಕಾವಲಿ ಬಿಟ್ಟ್ ಏಳ್ತಿಲ್ಲೆ. ಉಳ್ದದ್ದೆಲ್ಲ ಅಡ್ಡಿಲ್ಲೆ."

ಅಮ್ಮನ ಕೈಯ ಚುರುಮುರಿ ಬಾಯಿಗೆ ತಲುಪಲೇ ಇಲ್ಲ. ನನಗಂತೂ ಎದ್ದು ಕಡಲಿಗೆ ಹಾರಿಬಿಡೋಣ ಎನಿಸಿತು. ದೊಡ್ಡಮ್ಮ ಅಷ್ಟಕ್ಕೇ ಬಿಡಲಿಲ್ಲ. "ಈಗ ನಿಮ್ ಮಾಣಿದ್ದ್ ಹೇಳಿ."

"ನಮ್ಮ ಮಾಣಿಗೆ ಎಂತದೂ ಇಲ್ಲೆ, ಚಿನ್ನದಂಥವ" ಎಂದರು ಹುಡುಗನ ಅಮ್ಮ, ಬಿಗಿಯಾಗಿ.

ಹುಡುಗ ಗಂಟಲು ಸರಿ ಮಾಡಿಕೊಂಡ. "ನಂಗೆ ಮೀನಿನ ಮುಳ್ಳ್ ಬಿಡ್ಸುಕೆ ಬತ್ತಿಲ್ಲೆ. ಈಗ್ಲೂ ಅಮ್ಮನೇ ಬಿಡ್ಸಿ ಕೊಡುದ್."

ಅವನ ಅಮ್ಮ ಅವನ ತೊಡೆ ಚಿವುಟಿದ್ದನ್ನು ನಾನು ಕಂಡೆ. ನಗು ತಡೆಯಲಾಗದೆ ಚುರುಮುರಿ ನೆತ್ತಿಗೇರಿ ಕೆಮ್ಮತೊಡಗಿದೆ. ಅವನೂ ನಕ್ಕ. ದೊಡ್ಡಮ್ಮನ ನಗುವಿಗೆ ದೂರದ ಐಸ್‌ಕ್ರೀಮಿನವನೂ ತಿರುಗಿ ನೋಡಿದ.

ವಾಪಸು ಬರುವಾಗ ಆಟೋದಲ್ಲಿ ಅಮ್ಮನಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. "ಇದೂ ತಪ್ಪಿ ಹೋದ್ರೆ ಎಂತ ಮಾಡ್ಕ್, ನೀವೇ ಹೇಳಿ!"

ಯಾವತ್ತೂ ಬೀದಿಗೆಲ್ಲ ಕೇಳುವಂತೆ ಮಾತಾಡುವ ದೊಡ್ಡಮ್ಮ ಆವತ್ತು ಮೆಲ್ಲಗೆ ಹೇಳಿದರು. "ನನ್ ಮದಿಗೆ ಎಲ್ಲರೂ ಬರೀ ಒಳ್ಳೇದೇ ಹೇಳಿದ್ರ್, ಮಾರಾಯ್ತಿ. ಗಂಡ ಕುಡ್ದ್ ಹೊಡಿತ ಅಂತ ಗೊತ್ತಾದ್ ಮದಿ ಆದ್ ಮೇಲೆ. ಅಂವ ಸಾಯುವರಿಗೂ ಹೆದ್ರಕಂಡೇ ಬದ್ಕ್ದೆ."

ಅಮ್ಮ ಮನೆ ಬರುವವರೆಗೂ ಅವರ ಕೈ ಹಿಡಿದುಕೊಂಡೇ ಇದ್ದಳು.

ಮರುದಿನ ತೆಕ್ಕಟ್ಟೆಯಿಂದ ಫೋನು ಬಂತು. ಹುಡುಗಿ ಒಪ್ಪಿಗೆ, ಆದರೆ ಒಂದು ಷರತ್ತು: "ಮದಿ ದಿನ ಆ ದೊಡ್ಡಮ್ಮನ್ನ ಮೈಕಿನ ಹತ್ರ ಬಿಡ್ಬೇಡಿ."

ಮದುವೆಯಾಗಿ ಹೋದ ಮೊದಲ ಬೆಳಿಗ್ಗೆ ನನಗೆ ಎಚ್ಚರವಾದಾಗ ಬಿಸಿಲು ಚೆನ್ನಾಗಿ ಏರಿತ್ತು. ಕೂದಲು ಸುತ್ತಿಕೊಳ್ಳುತ್ತಾ ಅಡುಗೆಮನೆಗೆ ಓಡಿದೆ. ಅತ್ತೆ ನನ್ನನ್ನೊಮ್ಮೆ ನೋಡಿ, "ಗೊತ್ತಿದ್ದದ್ದೇ ಅಲ್ದಾ" ಎಂದು ಚಹಾ ಲೋಟ ಮುಂದಿಟ್ಟರು. ಆ ಮನೆಯಲ್ಲಿ ಮುಚ್ಚಿಡಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

ಹೋದ ಮಳೆಗಾಲದಲ್ಲಿ ದೊಡ್ಡಮ್ಮ ತೀರಿಕೊಂಡರು. ಹೆತ್ತವರನ್ನು ಕಳೆದುಕೊಂಡಷ್ಟೇ ಅತ್ತುಬಿಟ್ಟೆ ನಾನು. ಗಂಡನ ಮನೆಯಲ್ಲಿ ಹೆದರಿಕೊಂಡು ಬದುಕುವುದು ಎಂದರೆ ಹೇಗಿರುತ್ತದೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗದ ಹಾಗೆ ಮಾಡಿದವರು ಅವರು.