ಮೊದಲ ವೀಳ್ಯ ಮತ್ತು ಸ್ಕಾಟ್ಲೆಂಡಿನ ಮುದಿ ರಾಜ

ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ವೀಳ್ಯದೆಲೆಯ ಕಟ್ಟೊಂದು ನಮ್ಮ ಅಡುಗೆಮನೆಯ ಕಿಟಕಿಯ ಪಕ್ಕ ಸದಾ ಇರುತ್ತದೆ. ನನಗೆ ಎಲೆ ಹಾಕುವ ಅಭ್ಯಾಸವಿಲ್ಲ, ನನ್ನ ಹೆಂಡತಿ ಸುಜಾತಳಿಗೂ ಇಲ್ಲ; ಆದರೂ ಮದ್ದೂರಿನ ಸಂತೆಗೆ ಹೋದಾಗಲೆಲ್ಲ ಅವಳು ಒಂದು ಕಟ್ಟು ತರುತ್ತಾಳೆ, ಏಕೆಂದರೆ ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಲು ಅವಳಿಗೆ ಮನಸ್ಸು ಬರುವುದಿಲ್ಲ. ಎರಡು ಎಲೆ, ಒಂದು ಚೂರು ಅಡಿಕೆ, ಅಷ್ಟೇ. ಇಷ್ಟು ಹಗುರವಾದದ್ದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಷ್ಟರಲ್ಲಿ ಎಷ್ಟು ಭಾರವಾಗಬಲ್ಲದು ಎಂಬುದನ್ನು ನಾನು ಕಳೆದ ವರ್ಷ ನನ್ನ ಮಗಳು ಕಾವ್ಯಳ ಮದುವೆಯಲ್ಲಿ ಕಂಡೆ. ಅದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕು. ಆದರೆ ನಡುವೆ ಒಂದು ಸಲ ಸ್ಕಾಟ್ಲೆಂಡಿಗೂ ಹೋಗಿಬರಬೇಕಾಗುತ್ತದೆ. ಗಾಬರಿಯಾಗಬೇಡಿ, ಬೇಗ ಹಿಂದಿರುಗೋಣ.

ಮೊದಲು ನಮ್ಮೂರಿನ ಸಂಗತಿ. ಮಂಡ್ಯ ಸೀಮೆಯ ಕೊತ್ತತ್ತಿಯ ಆಸುಪಾಸಿನ, ನಾಲೆ ನೀರು ಕುಡಿದು ಬೆಳೆದ ಊರು ಅದು. ಅಲ್ಲಿ ನಮ್ಮ ಮನೆತನಕ್ಕೆ ಒಬ್ಬ ಯಜಮಾನ ಇರುತ್ತಾನೆ. ಅವನಿಗೆ ಸಂಬಳವಿಲ್ಲ, ಮೊಹರಿಲ್ಲ, ಕುರ್ಚಿಯೂ ಇಲ್ಲ. ನಾಲೆಯ ನೀರಿನ ಸರದಿಗೆ ಇಬ್ಬರು ಜಗಳವಾಡಿದರೆ ಅವನು ಒಂದು ಮಾತು ಹೇಳುತ್ತಾನೆ, ಬದುವಿನ ತಕರಾರಿಗೆ ಇನ್ನೊಂದು ಮಾತು. ಇಷ್ಟಕ್ಕೆಲ್ಲ ಅವನಿಗೆ ಸಿಗುವ ಗೌರವ ಒಂದೇ: ಮನೆತನದ ಮದುವೆಗಳಲ್ಲಿ ಧಾರೆ ಮುಗಿದ ಮೇಲೆ, ತುಂಬಿದ ಸಭೆಯಲ್ಲಿ ಹೆಸರು ಕೂಗಿ, ಮೊದಲ ವೀಳ್ಯವನ್ನು ಅವನ ಕೈಗೆ ಕೊಡುತ್ತಾರೆ. ಎರಡನೆಯದು ಅವನ ನಂತರದವನಿಗೆ. ಸರದಿ ತಪ್ಪಿತೆನ್ನಿ, ಅವಮಾನವಾದವನು ಕೂಗಾಡುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು ಉಣ್ಣದೆ ಹೊರಟುಹೋಗುತ್ತಾನೆ. ಆಮೇಲೆ ಆ ಎರಡು ಮನೆಗಳ ನಡುವೆ ಅನ್ನ ನಿಲ್ಲುತ್ತದೆ. ನನ್ನ ತಾತನ ಕಾಲದಲ್ಲಿ ಹೀಗೆ ಎದ್ದುಹೋದ ಒಂದು ಮನೆ ನಮ್ಮ ಬೀದಿಯಲ್ಲೇ ಇದೆ. ಅವರ ಮಕ್ಕಳಿಗೆ ನಾನು ಪಾಠ ಹೇಳಿದ್ದೇನೆ, ಅವರ ಮನೆಯ ಒಂದು ಲೋಟ ಮಜ್ಜಿಗೆಯ ರುಚಿ ಮಾತ್ರ ಅರವತ್ತೊಂದು ವರ್ಷವಾದರೂ ನನಗೆ ಗೊತ್ತಿಲ್ಲ.

ಐವತ್ತು ವರ್ಷ ನಮ್ಮ ದೊಡ್ಡಪ್ಪ ಮೊದಲ ವೀಳ್ಯ ತೆಗೆದುಕೊಂಡರು. ಐವತ್ತು ವರ್ಷ ಅವರ ತಮ್ಮನಾದ ನನ್ನ ಅಪ್ಪ ಎರಡನೆಯದನ್ನು ತೆಗೆದುಕೊಂಡರು. ದೊಡ್ಡಪ್ಪ ತೀರಿಕೊಂಡ ಮೇಲೆ ಪ್ರಶ್ನೆ ಎದ್ದಿತು. ಯಜಮಾನಿಕೆ ಹೋಗಬೇಕಾದದ್ದು ತಮ್ಮನಿಗೋ, ಮಗನಿಗೋ? ತಮ್ಮನೆಂದರೆ ಎಪ್ಪತ್ತೆಂಟರ ನನ್ನ ಅಪ್ಪ. ಮಗನೆಂದರೆ ನನಗಿಂತ ನಾಲ್ಕು ವರ್ಷ ದೊಡ್ಡವನಾದ ಬೋರಣ್ಣ. ಊರಿನ ಅರ್ಧ ಬಾಯಿ ಅಪ್ಪನ ಕಡೆ, ಅರ್ಧ ಬೋರಣ್ಣನ ಕಡೆ. ಇಬ್ಬರಿಗೂ ಹಕ್ಕಿತ್ತು, ಅದೇ ಕಷ್ಟ. ದೊಡ್ಡಪ್ಪನಿಗೆ ಲಕ್ವ ಹೊಡೆದು ಮಾತು ನಿಂತ ಮೂರು ವರ್ಷ ನೀರಿನ ಜಗಳಗಳನ್ನೆಲ್ಲ ಬಿಡಿಸಿದವನು ಬೋರಣ್ಣ. ಹಾಸಿಗೆ ಹಿಡಿದ ತನ್ನ ಅಪ್ಪನನ್ನು ಮಗುವಿನಂತೆ ಎತ್ತಿ ಮೀಯಿಸಿದವನೂ ಅವನೇ. ನನ್ನ ಅಪ್ಪನಾದರೋ ಬಾಯಿಬಿಟ್ಟು ಏನನ್ನೂ ಕೇಳಲಿಲ್ಲ. ಆದರೆ ಮೊಮ್ಮಗಳ ಮದುವೆ ಗೊತ್ತಾದ ವಾರವೇ ಮಂಡ್ಯಕ್ಕೆ ಹೋಗಿ ಜರಿಯಂಚಿನ ಹೊಸ ಶಲ್ಯ ತಂದುಕೊಂಡಿದ್ದರು. ಒಂದು ಬೆಳಿಗ್ಗೆ ಅದನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, ಎರಡು ಕೈ ಜೋಡಿಸಿ ಮುಂದೆ ಚಾಚಿ ನೋಡಿಕೊಳ್ಳುತ್ತಿದ್ದುದನ್ನು ಬಾಗಿಲ ಸಂದಿಯಿಂದ ಕಂಡೆ. ಸದ್ದಾಗದಂತೆ ಹಿಂದಕ್ಕೆ ಬಂದುಬಿಟ್ಟೆ.

ದೊಡ್ಡಪ್ಪ ಹೋದ ಮೇಲೆ ಮನೆತನದಲ್ಲಿ ನಡೆಯುವ ಮೊದಲ ಮದುವೆಯೇ ನನ್ನ ಮಗಳದು. ಮಳವಳ್ಳಿಯ ಬೀಗರ ಎದುರಿಗೆ, ಯಾವ ಹೆಸರನ್ನು ಕೂಗಿಸಲಿ? ಅಪ್ಪನನ್ನು ಕೂಗಿದರೆ ಬೋರಣ್ಣ ಉಣ್ಣದೆ ಹೋದಾನು. ಬೋರಣ್ಣನನ್ನು ಕೂಗಿದರೆ ಆ ಹೊಸ ಶಲ್ಯ ಹೊದ್ದ ಮುದುಕನ ಮುಖವನ್ನು ನಾನು ಹೇಗೆ ನೋಡಲಿ?

ಈಗ ಸ್ಕಾಟ್ಲೆಂಡು. ನಾನು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಚರಿತ್ರೆ ಬೋಧಿಸಿ ನಿವೃತ್ತನಾದವನು. ಶಾಲೆಯಲ್ಲಿ ಹಳೆಯ ಪುಸ್ತಕಗಳನ್ನು ವಿಲೇವಾರಿ ಮಾಡಿದಾಗ, ರಟ್ಟು ಕಿತ್ತುಹೋದ ಒಂದು ದಪ್ಪ ಇತಿಹಾಸವನ್ನು ಪಾಪವೆನಿಸಿ ಮನೆಗೆ ತಂದಿದ್ದೆ. ಮದುವೆಯ ಓಡಾಟದ ನಡುವೆ ಮಧ್ಯಾಹ್ನದ ಊಟವಾದ ಮೇಲೆ ಅದನ್ನು ಓದುತ್ತ ಕೂತಾಗ ಎರಡನೆಯ ಮಾಲ್ಕಮ್ ಎಂಬ ರಾಜ ಸಿಕ್ಕಿದ. ಸಾವಿರ ವರ್ಷದ ಹಿಂದಿನ ಮಾತು. ಆಗ ಅಲ್ಲಿ ಪಟ್ಟವು ಅಪ್ಪನಿಂದ ಮಗನಿಗೆ ನೇರವಾಗಿ ಇಳಿಯುತ್ತಿರಲಿಲ್ಲ; ರಾಜವಂಶದ ಬಳ್ಳಿಯಲ್ಲಿ ಯಾರು ಸಮರ್ಥನೋ ಆ ತಮ್ಮನಿಗೋ, ದಾಯಾದಿಗೋ ಹೋಗುತ್ತಿತ್ತು, ಮತ್ತು ರಾಜ ಬದುಕಿರುವಾಗಲೇ ಮುಂದಿನವನು ಯಾರೆಂದು ಗೊತ್ತುಮಾಡುವ ರೂಢಿಯಿತ್ತು. ಎಳೆ ಮಗುವನ್ನು ಸಿಂಹಾಸನದಲ್ಲಿ ಕೂರಿಸಿ ರಾಜ್ಯ ಕಳೆದುಕೊಳ್ಳಬಾರದೆಂಬ ವಿವೇಕ ಅದರ ಹಿಂದೆ ಇದ್ದಿರಬೇಕು. ಆದರೆ ಕಾಯುವ ತಾಳ್ಮೆ ಎಷ್ಟು ಜನಕ್ಕಿರುತ್ತದೆ? ಮಾಲ್ಕಮ್ ತನ್ನ ದಾಯಾದಿಯನ್ನೇ ಕೊಂದು ಪಟ್ಟವೇರಿದ, ಸುಮಾರು ಮೂವತ್ತು ವರ್ಷ ಆಳಿದ. ಗಂಡುಮಕ್ಕಳಿಲ್ಲದ ಅವನಿಗೆ ಮುಪ್ಪಿನಲ್ಲಿ ಮಗಳ ಮಗನಿಗೇ ರಾಜ್ಯ ಸಿಗಲೆಂಬ ಹಂಬಲ ಹುಟ್ಟಿ, ಅಡ್ಡ ಬರಬಹುದಾಗಿದ್ದ ಇನ್ನೊಂದು ಕವಲಿನವರನ್ನೂ ಇಲ್ಲವಾಗಿಸಿದ. ಮೊಮ್ಮಗ ರಾಜನಾದ, ನಿಜ. ಆರು ವರ್ಷ ತುಂಬುವ ಮೊದಲೇ ತನ್ನ ದಂಡನಾಯಕನೊಬ್ಬನ ಕೈಯಲ್ಲಿ ಸತ್ತ.

ನೋಡಿ, ಚರಿತ್ರೆ ಮೇಷ್ಟರಿಗೆ ಒಂದು ರೋಗವಿದೆ. ಓದಿದ್ದನ್ನು ಹೇಳದೆ ಇರಲಾರರು. ಲಗ್ನಪತ್ರಿಕೆ ಕೊಡಲು ಬೋರಣ್ಣನ ಮನೆಗೆ ಹೋದಾಗ ಜಗಲಿಯ ಮೇಲೆ ನಾಲ್ಕಾರು ಹಿರಿಯರು ಕೂತಿದ್ದರು. ಅವರಲ್ಲೊಬ್ಬರು, ನೀನು ಇಷ್ಟೆಲ್ಲ ಓದಿದವನಲ್ಲವೇ, ಯಜಮಾನಿಕೆ ಯಾರಿಗೆ ಹೋಗಬೇಕೆಂದು ಚರಿತ್ರೆಯಲ್ಲಿ ಏನಿದೆ ಎಂದು ತಮಾಷೆಗೆ ಕೇಳಿದರು. ನಿವೃತ್ತಿಯಾದಾಗಿನಿಂದ ತರಗತಿಯಿಲ್ಲದೆ ಒಣಗಿದ್ದ ನನ್ನ ನಾಲಿಗೆಗೆ ಅಷ್ಟು ಸಾಕಾಯಿತು. ಮಾಲ್ಕಮ್‌ನ ಕತೆಯನ್ನು ಕೈಬಾಯಿ ತಿರುಗಿಸುತ್ತ ಪೂರ್ತಿ ಹೇಳಿದೆ. ಮಗನಿಗಲ್ಲದೆ ತಮ್ಮನಿಗೆ ಪಟ್ಟ ಹೋಗುತ್ತಿದ್ದ ಹಳೆಯ ನ್ಯಾಯವನ್ನು ಹೊಗಳಿದೆ. ತನ್ನ ಸ್ವಂತ ರಕ್ತಕ್ಕೇ ಸಿಗಲಿ ಎಂದು ಹಟ ಹಿಡಿದವನಿಂದಲೇ ಎಲ್ಲ ಕೆಟ್ಟಿತೆಂದು ಷರಾ ಹಾಕಿದೆ. ಹೇಳಿ ಮುಗಿಸಿ ಸುತ್ತ ನೋಡಿದರೆ ಯಾರೂ ನಗುತ್ತಿರಲಿಲ್ಲ. ಆಗ ಹೊಳೆಯಿತು: ಈ ಜಗಲಿಯಲ್ಲಿ ಕೂತ ಮಗ ಬೋರಣ್ಣ, ಆ ತಮ್ಮ ನನ್ನ ಅಪ್ಪ, ಮತ್ತು ನ್ಯಾಯ ಹೇಳಿದವನು ಆ ತಮ್ಮನ ಮಗ.

ಬೋರಣ್ಣ ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟ. "ಕತೆ ಚೆಂದಾಗದೆ ಕಣ್ಲಾ ಸಿವು," ಅಂದ. "ನಮ್ಮಪ್ಪನ ವರ್ಸದ ತಿತಿ ಮುಗ್ದು ಇನ್ನೂ ಮೂರು ತಿಂಗ್ಳಾಗಿಲ್ಲ."

ಅಷ್ಟೇ. ಅತ್ತಿಗೆ ಕೊಟ್ಟ ಕಾಫಿಯನ್ನು ನಾನು ಹೇಗೆ ಕುಡಿದೆನೋ ನೆನಪಿಲ್ಲ. ಮನೆಗೆ ಬಂದು ಸುಜಾತಳಿಗೆ ಹೇಳಿದರೆ ಅವಳು ತಲೆ ಚಚ್ಚಿಕೊಂಡಳು. ಸತ್ತು ಸಾವಿರ ವರ್ಷವಾದ ಆ ಮಾಲ್ಕಪ್ಪನನ್ನು ಎಬ್ಬಿಸಿ ಕರೆದುಕೊಂಡು ಹೋಗಿ ಭಾವನ ಜಗಲಿಯ ಮೇಲೆ ಕೂರಿಸದಿದ್ದರೆ ನಿಮಗೆ ಏನು ಕಡಿಮೆಯಾಗುತ್ತಿತ್ತು ಎಂದು ಕೇಳಿದಳು. ಆಮೇಲೆ ಎರಡು ಸಲ ಫೋನು ಮಾಡಿದೆ. ಬೋರಣ್ಣ ಎತ್ತಿದ, ನಾಲೆಗೆ ನೀರು ಬಿಟ್ಟಿದ್ದಾರೆ, ನಾಟಿ ನಡೆಯುತ್ತಿದೆ ಎಂದ, ಮದುವೆಯ ಮಾತು ಎತ್ತಲಿಲ್ಲ.

ಮದುವೆ ಮಂಡ್ಯದ ಛತ್ರದಲ್ಲಿ. ಧಾರೆಯ ಹೊತ್ತಿಗೆ ಬೋರಣ್ಣ ಬಂದ, ಅಕ್ಷತೆ ಹಾಕಿದ, ಅದನ್ನು ನಾನೇ ಕಂಡೆ. ವೀಳ್ಯ ಕೂಗುವವರು ನಮ್ಮೂರ ಹಿರಿಯರಾದ ನಂಜೇಗೌಡರು. ಯಾರ ಹೆಸರೆಂದು ಅವರು ಬೆಳಿಗ್ಗೆಯಿಂದ ಮೂರು ಸಲ ಕೇಳಿದ್ದರು, ನಾನು ಮೂರು ಸಲವೂ ಹೂವಿನವನನ್ನೋ ಫೋಟೋದವನನ್ನೋ ನೆಪ ಮಾಡಿಕೊಂಡು ಜಾರಿಕೊಂಡಿದ್ದೆ. ಕೊನೆಗೆ ಅವರು ಹೆಸರಿಲ್ಲದೆಯೇ, ಮನೆ ಯಜಮಾನರು ಬಂದು ವೀಳ್ಯ ತೆಗೆದುಕೊಳ್ಳಬೇಕು ಎಂದು ಕೂಗಿದರು. ಅಪ್ಪ ಮುಂದಿನ ಸಾಲಿನಲ್ಲಿ ಶಲ್ಯ ಹೊದ್ದು ಕೂತಿದ್ದರು; ಏಳಲಿಲ್ಲ, ನೆಲ ನೋಡುತ್ತಿದ್ದರು. ಅವರ ಪಕ್ಕದ ಕುರ್ಚಿ ಖಾಲಿಯಿತ್ತು. ಅಲ್ಲಿ ಕೂತಿದ್ದ ಬೋರಣ್ಣ ಇಲ್ಲ. ಎದ್ದುಹೋದ ಎಂದು ಹಿಂದೆ ಯಾರೋ ಪಿಸುಗುಟ್ಟಿದ್ದು ಕಿವಿಗೆ ಬಿತ್ತು.

ಗೇಟಿಗೆ ಓಡಿದೆ. ಇಲ್ಲ. ಗಾಡಿಗಳ ನಡುವೆ ಹುಡುಕಿದೆ. ಇಲ್ಲ. ಹಿಂದಿರುಗಿ ಊಟದ ಮನೆಯ ಬಾಗಿಲು ದಾಟುವಾಗ ಒಳಗಿನಿಂದ, ಎಲೆಯ ತುದಿ ಎಡಕ್ಕೆ ಬರಲಿ ಎಂದು ಗದರುವ ದನಿ ಕೇಳಿಸಿತು. ನಡುವಿಗೆ ಟವೆಲು ಸುತ್ತಿಕೊಂಡು, ಬಿಳಿ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಒಂದು ಕೈಯಲ್ಲಿ ಸಾರಿನ ಬಕೀಟು, ಇನ್ನೊಂದರಲ್ಲಿ ಸೌಟು ಹಿಡಿದು ಬೋರಣ್ಣ ನಿಂತಿದ್ದ. ಬಡಿಸಲು ಗುತ್ತಿಗೆಯವರ ಆಳುಗಳು ಇಪ್ಪತ್ತು ಜನ ಇದ್ದರು. ಅವನು ಬಡಿಸಬೇಕಾದ ಅಗತ್ಯವೇ ಇರಲಿಲ್ಲ.

ವೀಳ್ಯಕ್ಕೆ ಕೂಗುತ್ತಿದ್ದಾರೆ ಬಾ ಎಂದೆ. ಅವನು ಕೈ ತಿರುಗಿಸಿ ತೋರಿಸಿದ. ಬೆರಳಿಗೆಲ್ಲ ಅನ್ನದ ಅಗುಳು ಅಂಟಿತ್ತು.

"ಮುಸ್ರೆ ಕೈಲಿ ವೀಳ್ಯ ಇಸ್ಕಬಾರ್ದು ಕಣ್ಲಾ," ಅಂದ. "ಚಿಕ್ಕಪ್ಪಂಗೆ ಕೊಡ್ಸೋಗು. ಐವತ್ತು ವರ್ಸ ಎರಡ್ನೇದು ಇಸ್ಕಂಡವ್ರೆ, ಬಾಯ್ಬುಟ್ಟು ಒಂದಿನ ಒಂದ್ ಮಾತಾಡ್ನಿಲ್ಲ."

ನಮ್ಮ ಕಡೆ ಅದು ನಿಜವಾದ ನಿಯಮವೇ. ಅನ್ನ ಮುಟ್ಟಿದ ಮುಸುರೆ ಕೈ ತೊಳೆಯದೆ ಮಂಗಳದ ವೀಳ್ಯ ಮುಟ್ಟುವಂತಿಲ್ಲ. ಬಡಿಸಲು ನಿಂತವನನ್ನು ಪಂಕ್ತಿ ಮುಗಿಯುವ ತನಕ ಯಾರೂ ಕರೆಯುವಂತಿಲ್ಲ. ಅವನು ಬೇಕೆಂದೇ ಕೈಯನ್ನು ಅನ್ನಕ್ಕೆ ಹಾಕಿದ್ದ. ಯಾರೂ ಸೋತಂತೆ ಕಾಣದ ಹಾಗೆ, ಯಾರೂ ಅವನ ಉಪಕಾರದ ಭಾರ ಹೊರದ ಹಾಗೆ, ಸಾರಿನ ಬಕೀಟಿನ ಹಿಂದೆ ನಿಂತುಬಿಟ್ಟಿದ್ದ. ಆ ಗಳಿಗೆಯಲ್ಲಿ ನನಗೆ ಅವನ ಕಾಲು ಮುಟ್ಟಬೇಕೆನ್ನಿಸಿತು. ಮುಟ್ಟಲಿಲ್ಲ, ಮುಟ್ಟಿದ್ದರೆ ಬೈಯುತ್ತಿದ್ದ.

ನಾನು ಹಿಂದಿರುಗಿ ನಂಜೇಗೌಡರ ಕಿವಿಯಲ್ಲಿ ಹೇಳಿದೆ. ಅಪ್ಪನ ಹೆಸರು ಕೂಗಿದರು. ಅಪ್ಪ ಎದ್ದು ಎರಡು ಕೈ ಜೋಡಿಸಿ ಚಾಚಿದರು, ಕನ್ನಡಿಯ ಮುಂದೆ ಚಾಚಿದ್ದಂತೆಯೇ. ಮೊದಲ ವೀಳ್ಯ ಅವರ ಕೈಗೆ ಬಂತು. ಬೋರಣ್ಣ ಎಲ್ಲಿ ಎಂದು ನನ್ನನ್ನು ಕಣ್ಣಲ್ಲೇ ಕೇಳಿದರು, ಬಡಿಸುತ್ತಿದ್ದಾನೆ ಎಂದೆ. ಅವರಿಗೆ ಎಲ್ಲವೂ ಅರ್ಥವಾಯಿತು ಎಂದು ಕಾಣುತ್ತದೆ. ಎರಡನೆಯ ವೀಳ್ಯವನ್ನು ನಂಜೇಗೌಡರು ಯಜಮಾನನ ಮಗನಾದ ನನ್ನತ್ತ ಹಿಡಿದರು.

ನಿಮ್ಮೆದುರು ಒಂದು ತಪ್ಪೊಪ್ಪಿಗೆ ಮಾಡಬೇಕು. ನನ್ನ ಕೈ ಆಗಲೇ ಅರ್ಧ ಚಾಚಿತ್ತು. ರಾಜರ ದುರಾಸೆಯನ್ನು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದು ಅಳಿಸಿದವನು ನಾನು. ಎರಡು ಎಲೆ, ಒಂದು ಅಡಿಕೆ ಕಂಡ ಕೂಡಲೇ ನನ್ನೊಳಗೂ ಒಬ್ಬ ಮಾಲ್ಕಮ್ ಎದ್ದು ಕೂತ. ಬೋರಣ್ಣನಿಗೆ ಅನ್ಯಾಯವಾದೀತೆಂಬ ಭಯದ ಜೊತೆಗೇ, ಅಪ್ಪನ ನಂತರ ಇದು ನನಗೆ ಎಂಬ ಸಣ್ಣ ಸುಖವೂ ಇಷ್ಟು ದಿನ ಎಲ್ಲೋ ಅಡಗಿತ್ತೆಂದು ಆಗ ತಿಳಿಯಿತು.

ಅಪ್ಪ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ ಸಭೆಗೆ ಹೇಳಿದರು: "ಎರಡ್ನೇದು ನನ್ ಮಗನ್ಗಲ್ಲ, ನಮ್ಮಣ್ಣನ ಮಗನ್ಗೆ. ನಾ ಇರ್ಲಿ ಇಲ್ದೆ ಓಗ್ಲಿ, ಮುಂದ್ಲ ಮದ್ವೇಲಿ ಮೊದಲ್ನೇದೂ ಅವ್ನಿಗೇಯ."

ಬದುಕಿರುವಾಗಲೇ ಮುಂದಿನವನನ್ನು ಗೊತ್ತುಮಾಡುವುದು. ಏಳನೆಯ ತರಗತಿಯಾಚೆ ಓದದ ನನ್ನ ಅಪ್ಪನಿಗೆ ಸ್ಕಾಟ್ಲೆಂಡಿನ ರೂಢಿಯನ್ನು ಯಾರೂ ಹೇಳಿರಲಿಲ್ಲ. ಅವರು ಎರಡನೆಯ ವೀಳ್ಯವನ್ನು ಶಲ್ಯದ ಅಂಚಿಗೆ ಕಟ್ಟಿಕೊಂಡು, ಬೋರಣ್ಣ ಕೈ ತೊಳೆಯುವ ತನಕ ಇದು ನನ್ನ ಹತ್ತಿರ ಇರುತ್ತದೆ ಎಂದು ಹೇಳಿ ಕೂತರು. ಕೈ ತಪ್ಪಿಹೋದದ್ದಕ್ಕೆ ನನಗೆ ಸಂಕಟವಾಗಬೇಕಿತ್ತು. ಬದಲಿಗೆ ಎದೆ ಹಗುರಾಯಿತು. ಅಂಥ ಅಪ್ಪನ ಮಗನಾಗಿ, ಬೋರಣ್ಣನಂಥವನ ತಮ್ಮನಾಗಿ ಹುಟ್ಟಿದ್ದಕ್ಕೆ ನಾನು ಏನು ಪುಣ್ಯ ಮಾಡಿದ್ದೆನೋ ಎಂದು ಕಣ್ಣು ತುಂಬಿತು. ಮುದಿ ಮಾಲ್ಕಮ್‌ನ ಮೇಲೆ ಮೊದಲ ಬಾರಿಗೆ ಕನಿಕರ ಹುಟ್ಟಿತು. ಅವನಿಗೆ ಇಡೀ ರಾಜ್ಯವಿತ್ತು, ನಂಬಿ ಬಿಟ್ಟುಕೊಡಲು ಒಬ್ಬ ಅಣ್ಣನ ಮಗನಿರಲಿಲ್ಲ.

ಆದರೂ ಒಂದು ಅಳುಕು ಉಳಿದೇ ಇತ್ತು. ಬೋರಣ್ಣ ಒಂದು ಪಂಕ್ತಿ ಬಡಿಸಿದ, ಎರಡು ಬಡಿಸಿದ, ನಾಲ್ಕು ಬಡಿಸಿದ. ಬೀಗರನ್ನು ಒತ್ತಾಯ ಮಾಡಿ ಒಬ್ಬಟ್ಟು ತಿನ್ನಿಸಿದ. ಆದರೆ ಬಡಿಸಿದವನು ಉಂಡವನಲ್ಲ. ಕೈ ತೊಳೆದು ಹಾಗೇ ಬಸ್ಸು ಹತ್ತಿದರೆ? ಅಪ್ಪ ಸಕ್ಕರೆ ಕಾಯಿಲೆಯವರು, ಹೊತ್ತು ಮೀರಿದರೆ ತಲೆ ಸುತ್ತುತ್ತದೆ. ಎಷ್ಟು ಕರೆದರೂ ಅವರು ಪಂಕ್ತಿಗೆ ಏಳಲಿಲ್ಲ.

ಕೊನೆಯ ಪಂಕ್ತಿಯಲ್ಲಿ ಅಡುಗೆಯವರು, ಗಾಡಿ ಓಡಿಸುವವರು ಕೂತಿದ್ದರು. ಅಪ್ಪ ನಿಧಾನವಾಗಿ ಬಂದು ಒಂದು ಎಲೆಯ ಮುಂದೆ ಕೂತು, ಪಕ್ಕದ ಎಲೆಯ ಮೇಲೆ ತಮ್ಮ ಅಂಗೈ ಇಟ್ಟು ಕಾಯ್ದುಕೊಂಡರು. ಬೋರಣ್ಣ ಬಕೀಟು ಹಿಡಿದು ಅಲ್ಲಿಗೆ ಬಂದ. ಅಪ್ಪ ಆ ಎಲೆಯ ಮೇಲಿಂದ ಕೈ ಎತ್ತಿದರು. ಅವನು ಬಕೀಟನ್ನು ನನ್ನ ಕೈಗೆ ಕೊಟ್ಟು, ಕೈ ತೊಳೆದು ಬಂದು ಅವರ ಪಕ್ಕ ಕೂತ. ಅನ್ನವನ್ನು ಗುಡ್ಡೆ ಮಾಡಿ, ನಡುವೆ ಗುಳಿ ತೋಡಿ, ಸಾರಿಗಾಗಿ ನನ್ನ ಕಡೆ ನೋಡಿದ.

ನಾನು ಬಡಿಸಿದೆ. ಅವನು ಉಂಡ.